ಆ ಕಬ್ಬಿನ ದುಡ್ಡು ಮುಟ್ಟಬೇಡಮ್ಮ

ಪ್ರಶ್ನೆ: ಸರ್, ನಮ್ಮದು ಪಾಂಡವಪುರ ತಾಲ್ಲೂಕು. ನಾನು ಬಿ.ಎಸ್‌ಸಿ. ಕೊನೆ ವರ್ಷದಲ್ಲಿದ್ದೇನೆ. ಎರಡು ವರ್ಷದಿಂದ ಸೋದರಮಾವನ ಸ್ಟುಡಿಯೋದಲ್ಲಿ ಮದುವೆ ವಿಡಿಯೋ ತೆಗೆಯುತ್ತಿದ್ದೇನೆ. ಸಿನಿಮಾ ಅಥವಾ ಸೀರಿಯಲ್ ಛಾಯಾಗ್ರಾಹಕಿ ಆಗಬೇಕು ಅಂತ ಆಸೆ. ಮೂರೂವರೆ ಲಕ್ಷದ ಕ್ಯಾಮೆರಾ ಒಂದು ನೋಡಿಟ್ಟಿದ್ದೇನೆ. ಕಬ್ಬಿನ ದುಡ್ಡು ಬಂದರೆ ಅರ್ಧ ಕೊಡ್ತೀನಿ, ಉಳಿದಿದ್ದಕ್ಕೆ ಸಾಲ ಮಾಡೋಣ ಅಂತಾರೆ ಅಪ್ಪ. ಅಮ್ಮ ಮಾತ್ರ, ‘ಆ ಕೆಲಸದಲ್ಲಿ ಹೆಣ್ಣುಮಕ್ಕಳು ಇದ್ದಾರಾ?’ ಅಂತ ಕೇಳ್ತಾರೆ. ಕ್ಯಾಮೆರಾ ಮೊದಲೋ, ಕೋರ್ಸ್ ಮೊದಲೋ? ಒಂದು ಸಲ ಸೀರಿಯಲ್‌ಗೆ ಹೋದರೆ ಸಿನಿಮಾದವರು ಕರೆಯುವುದಿಲ್ಲ ಅನ್ನೋದು ನಿಜವಾ? ನಿಮ್ಮ ಮಗಳ ವಯಸ್ಸಿನವಳು, ನೀನು ಅಂತಲೇ ಬರೆಯಿರಿ.

ಉತ್ತರ: ಆ ಕಬ್ಬಿನ ದುಡ್ಡು ಮುಟ್ಟಬೇಡಮ್ಮ. ಮದುವೆ ಕೆಲಸಕ್ಕೆ ಸ್ವಂತ ಕ್ಯಾಮೆರಾ ಬೇಕು, ಒಪ್ಪುತ್ತೇನೆ. ಸಿನಿಮಾದಲ್ಲಿ ಹಾಗಲ್ಲ. ಅಲ್ಲಿ ಕ್ಯಾಮೆರಾ ಬಾಡಿಗೆಗೆ ಬರುತ್ತದೆ, ಅದನ್ನು ನೋಡಿಕೊಳ್ಳೋ ಅಟೆಂಡರ್ ಕೂಡ ಜೊತೆಯಲ್ಲೇ ಬರುತ್ತಾನೆ. ನಿನ್ನ ಹತ್ತಿರ ಯಾವ ಕ್ಯಾಮೆರಾ ಇದೆ ಅಂತ ನನ್ನನ್ನು ಇಷ್ಟು ವರ್ಷದಲ್ಲಿ ಒಬ್ಬ ನಿರ್ದೇಶಕರೂ ಕೇಳಿಲ್ಲ. ಸಾಲದ ಕಂತು ಕಟ್ಟೋಕೆ ಮತ್ತೆ ಮದುವೆ ವಿಡಿಯೋನೇ ಮಾಡಬೇಕಾಗುತ್ತದೆ. ಹಾಗೇ ನಾಲ್ಕು ವರ್ಷ ಹೋಗಿಬಿಡುತ್ತದೆ.

ಕಲಿಯಬೇಕಾದ್ದು ಬೆಳಕನ್ನ. ವಿ.ಕೆ. ಮೂರ್ತಿ ಅವರ ಹೆಸರು ಕೇಳಿರಬಹುದು. 1923ರಲ್ಲಿ ನಮ್ಮ ಮೈಸೂರಿನಲ್ಲೇ ಹುಟ್ಟಿದವರು. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಓದಿ ಮುಂಬೈಗೆ ಹೋದರು. ಅವರು ಛಾಯಾಗ್ರಹಣ ಮಾಡಿದ, ಗುರುದತ್ ಅವರ ಹಿಂದಿ ಸಿನಿಮಾ ‘ಕಾಗಜ್ ಕೇ ಫೂಲ್’ 1959ರದು. ಅದರಲ್ಲಿ ಸ್ಟುಡಿಯೋದ ಕತ್ತಲೆಗೆ ಮೇಲಿಂದ ಬೆಳಕಿನ ಕೋಲೊಂದು ಇಳಿಯುತ್ತದೆ. ಅದು ದೊಡ್ಡ ಲೈಟಿನ ಕೆಲಸ ಅಲ್ಲ. ಹೊರಗಿನ ಬಿಸಿಲನ್ನ ಕನ್ನಡಿಗೆ ಹಿಡಿದು, ಅಲ್ಲಿಂದ ಒಳಗಿನ ಇನ್ನೊಂದು ಕನ್ನಡಿಗೆ ಹೊಡೆಸಿ ತೆಗೆದದ್ದು. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರು ಅವರೇ. ಕನ್ನಡಿ ನಿಮ್ಮ ಮನೆಯಲ್ಲೂ ಇದೆ, ಅಲ್ವಾ?

ನಿಮ್ಮ ಕಡೆ ಆಲೆಮನೆಗಳು ಇನ್ನೂ ಇವೆ. ಒಂದು ವಾರ ಹೋಗು. ಬೆಳಿಗ್ಗೆ ಏಳು ಗಂಟೆಗೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಐದಕ್ಕೆ, ಒಂದೇ ಜಾಗದಲ್ಲಿ ನಿಂತು ಕೊಪ್ಪರಿಗೆಯ ಹಬೆ ನೋಡು. ಬೆಳಕು ಹಬೆಯ ಹಿಂದಿನಿಂದ ಬಂದರೆ ಹಬೆ ಕಾಣುತ್ತದೆ, ಮುಂದಿನಿಂದ ಬಿದ್ದರೆ ಮಾಯ. ಬೆಲ್ಲ ತಿರುವುವವನ ಮುಖದ ಕತ್ತಲ ಕಡೆಗೆ ಅಪ್ಪನ ಬಿಳಿ ಪಂಚೆ ಹಿಡಿಸು. ಕಣ್ಣು ಹೇಗೆ ತೆರೆದುಕೊಳ್ಳುತ್ತದೆ ನೋಡು. ಸೆಟ್ಟಿನಲ್ಲಿ ನಾವು ಥರ್ಮಾಕೋಲ್ ಹಿಡಿದು ಮಾಡೋದೂ ಇದನ್ನೇ. ಇದಕ್ಕೆ ಮೊಬೈಲ್ ಸಾಕು.

ಕೋರ್ಸ್ ಮಾಡೋದಾದರೆ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯಲ್ಲಿ ಛಾಯಾಗ್ರಹಣದ ಡಿಪ್ಲೊಮಾ ಇದೆ. ಪದವಿ ಮುಗಿದ ಮೇಲೆ ಪುಣೆಯ ಚಲನಚಿತ್ರ ಸಂಸ್ಥೆಗೂ ಪ್ರವೇಶ ಪರೀಕ್ಷೆ ಬರೆಯಬಹುದು, ಅಲ್ಲಿ ಮೂರು ವರ್ಷ. ಸಿಕ್ಕರೆ ಬಿಡಬೇಡ. ಸಿಗದಿದ್ದರೆ ನೇರ ಯಾರಾದರೂ ಛಾಯಾಗ್ರಾಹಕರ ಹತ್ತಿರ ಅಸಿಸ್ಟೆಂಟ್ ಆಗಿ ಸೇರು. ಕೋರ್ಸ್ ಮಾಡಿದವರೂ ಕೊನೆಗೆ ಅಲ್ಲಿಗೇ ಬರೋದು. ಲೆನ್ಸ್ ಒರೆಸೋದು, ಬ್ಯಾಟರಿ ಚಾರ್ಜಿಗೆ ಹಾಕೋದು, ಟೇಪ್ ಹಿಡಿದು ಫೋಕಸ್ ಅಳೆಯೋದು, ಆಮೇಲೆ ಫೋಕಸ್ ಎಳೆಯೋದು, ಅಂದರೆ ನಟರು ಓಡಾಡಿದ ಹಾಗೆ ಫೋಕಸ್ ಹೊಂದಿಸುತ್ತಾ ಹೋಗೋದು, ಆಮೇಲೆ ಅಸೋಸಿಯೇಟ್. ನಾನು ಹೀಗೆ ಏಳು ವರ್ಷ ಇದ್ದೆ.

1998ರಲ್ಲಿ ಮೇಲುಕೋಟೆಯ ರಾಯಗೋಪುರದ ಹತ್ತಿರ ಶೂಟಿಂಗ್. ಆಗ ಫಿಲ್ಮು. 400 ಅಡಿ ರೋಲು ನಾಲ್ಕೂವರೆ ನಿಮಿಷಕ್ಕೆ ಖಾಲಿ. ಪ್ರತಿ ಓಕೆ ಶಾಟ್ ಆದಮೇಲೆ ಟಾರ್ಚ್ ಹಾಕಿ ಕ್ಯಾಮೆರಾದ ಗೇಟ್, ಅಂದರೆ ಫಿಲ್ಮಿಗೆ ಬೆಳಕು ಬೀಳುವ ಕಿಂಡಿ, ನೋಡಬೇಕು, ಫಿಲ್ಮಿನ ಚೂರು, ಕೂದಲು ಸಿಕ್ಕಿದೆಯಾ ಅಂತ. ಅವತ್ತು ಬೆಳಕು ಇಳಿಯುತ್ತಿತ್ತು, ಎಲ್ಲರಿಗೂ ಅವಸರ. ನೋಡದೆ ‘ಗೇಟ್ ಸರಿ ಇದೆ’ ಅಂದುಬಿಟ್ಟೆ. ನಾಲ್ಕು ದಿನದ ಮೇಲೆ ಲ್ಯಾಬಿನಿಂದ ಬಂದಾಗ ಪರದೆ ಮೂಲೆಯಲ್ಲಿ ಕೂದಲಿನಂಥ ಎಳೆ ಅಲ್ಲಾಡುತ್ತಿತ್ತು. ಇಡೀ ಯೂನಿಟ್ ಮತ್ತೆ ಬೆಟ್ಟ ಹತ್ತಿತು. ನಮ್ಮ ಗುರುಗಳು ಬೈಯಲಿಲ್ಲ. ಅದು ಇನ್ನೂ ಕಷ್ಟ ಆಯಿತು. ಈಗ ಗೇಟ್ ಇಲ್ಲ, ಮೆಮೊರಿ ಕಾರ್ಡ್ ಇದೆ. ಎರಡು ಹಾರ್ಡ್‌ಡಿಸ್ಕ್‌ಗೆ ಕಾಪಿ ಆಗಿದ್ದನ್ನ ಕಣ್ಣಾರೆ ನೋಡದೆ ಯಾರು ಹೇಳಿದರೂ ಫಾರ್ಮ್ಯಾಟ್ ಮಾಡಬೇಡ.

ಸೀರಿಯಲ್ ಕೀಳಲ್ಲ. ಸಿನಿಮಾದಲ್ಲಿ ದಿನಕ್ಕೆ ಎರಡು ಮೂರು ನಿಮಿಷದ್ದು ತೆಗೆದರೆ, ಅಲ್ಲಿ ಒಂದು ಎಪಿಸೋಡಿನಷ್ಟು, ಸುಮಾರು 20 ನಿಮಿಷದ್ದು ತೆಗೆಯಬೇಕು. ಕೈ ಚುರುಕಾಗುತ್ತದೆ. ಆದರೆ ಎರಡು ಮೂರು ಕ್ಯಾಮೆರಾ ಒಟ್ಟಿಗೆ ಓಡುವುದರಿಂದ ಎಲ್ಲ ಕಡೆಯಿಂದಲೂ ಬೆಳಕು ತುಂಬಿಸುತ್ತಾರೆ. ಜಾಸ್ತಿ ದಿನ ಇದ್ದರೆ ನೆರಳು ಮರೆತುಹೋಗುತ್ತದೆ. ಎರಡು ವರ್ಷ ಇದ್ದು ಬಾ. ಸಿನಿಮಾದವರು ಕರೆಯುತ್ತಾರೆ, ನನ್ನನ್ನ ಕರೆದರು.

ಅಮ್ಮನಿಗೆ ಹೇಳು: ನಿರ್ದೇಶಕ ಬಿ.ಆರ್. ಪಂತುಲು ಅವರ ಮಗಳು ಬಿ.ಆರ್. ವಿಜಯಲಕ್ಷ್ಮಿ 1985ರಲ್ಲೇ ಸ್ವತಂತ್ರ ಛಾಯಾಗ್ರಾಹಕಿ ಆದರು. ಅಮ್ಮನ ಹೆದರಿಕೆಯನ್ನ ಸುಮ್ನೆ ತಳ್ಳಿಹಾಕಬೇಡ. ಔಟ್‌ಡೋರ್ ಒಪ್ಪುವ ಮೊದಲೇ ಕೇಳು. ಎಲ್ಲಿ ಉಳಿಸುತ್ತಾರೆ, ಕೋಣೆಯಲ್ಲಿ ಜೊತೆಗೆ ಯಾರು, ರಾತ್ರಿ ಪ್ಯಾಕಪ್ ಆದಮೇಲೆ ಗಾಡಿ ಯಾರು ಕಳಿಸುತ್ತಾರೆ. ಉತ್ತರ ಕೊಡದ ಯೂನಿಟ್‌ಗೆ ಹೋಗಬೇಡ.

ಪ್ರಶ್ನೆ: ಮನೆಯ ಟ್ಯೂಬ್‌ಲೈಟ್ ಕೆಳಗೆ ವಿಡಿಯೋ ಮಾಡಿದರೆ ಕಪ್ಪು ಪಟ್ಟಿಗಳು ಓಡುತ್ತವೆ. ಮೊಬೈಲ್ ಕೆಟ್ಟಿದೆಯಾ? (ಓದುಗರು, ಸರಸ್ವತಿಪುರಂ, ಮೈಸೂರು)

ಉತ್ತರ: ಮೊಬೈಲ್ ಚೆನ್ನಾಗಿದೆ. ನಮ್ಮ ಕರೆಂಟ್ 50 ಹರ್ಟ್ಜ್. ಚೋಕ್ ಇರುವ ಹಳೇ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಕ್ಯಾಮೆರಾಗೆ ಗೊತ್ತಾಗುತ್ತದೆ. ಮೊಬೈಲ್ ಕ್ಯಾಮೆರಾದ ಪ್ರೊ ಮೋಡ್‌ಗೆ ಹೋಗಿ ಶಟರ್ 1/50 ಅಥವಾ 1/100 ಸೆಕೆಂಡಿಗೆ ಇಡಿ, ಪಟ್ಟಿ ನಿಲ್ಲುತ್ತದೆ. ಕೆಲವು ಅಗ್ಗದ ಎಲ್‌ಇಡಿ ಬಲ್ಬುಗಳು ಇದಕ್ಕೂ ಬಗ್ಗುವುದಿಲ್ಲ. ಆಗ ಅದನ್ನ ಆರಿಸಿ, ಕಿಟಕಿ ಪಕ್ಕ ಕೂರಿಸಿ ತೆಗೆಯಿರಿ.