ಹುಂಜ ನಿಮಗೆ ಹೆದರಿದರೆ ಸಾಲದು

ನಿಮ್ಮ ಪ್ರಶ್ನೆ ಓದಿದ ಕೂಡಲೇ ನಾಲ್ಕು ವರ್ಷದ ಹಿಂದಿನ ನಮ್ಮ ಅಂಗಳ ನೆನಪಾಯಿತು. ನಿಮ್ಮ ಮನೆಯ ಜವಾರಿ ಹುಂಜ ನಿಮ್ಮ ನಾಲ್ಕು ವರ್ಷದ ಮಗಳನ್ನು ಕಂಡರೆ ಸಾಕು, ಅಟ್ಟಿಸಿಕೊಂಡು ಬರುತ್ತದೆ. ಊರದೇವಿಗೆ ಹರಕೆ ಬಿಟ್ಟದ್ದು ಎಂದು ಅತ್ತೆಯವರು ಅದನ್ನು ಜಾತ್ರೆಯವರೆಗೆ ಯಾರಿಗೂ ಕೊಡಲು ಒಪ್ಪುತ್ತಿಲ್ಲ. ಇಂಥ ಹುಂಜವನ್ನು ಪಳಗಿಸಬಹುದೇ ಎಂದು ಕೇಳಿದ್ದೀರಿ. ಪಳಗಿಸಬಹುದು, ಆದರೆ ಅದು ಪಳಗುವುದು ನಿಮಗೆ. ನಿಮ್ಮ ಮಗಳಿಗಲ್ಲ. ಈ ವ್ಯತ್ಯಾಸ ತಿಳಿಯದೆ ನಾನು ಮಾಡಿದ ತಪ್ಪಿಗೆ ನನ್ನ ಮಗನ ಕೆನ್ನೆಯ ಮೇಲೆ ಮೂರು ಹೊಲಿಗೆ ಬಿದ್ದವು.

ನಮ್ಮದು ಜಮಖಂಡಿ ತಾಲ್ಲೂಕಿನಲ್ಲಿ ತೋಟದ ಮನೆ. ಮೂರು ಕಡೆ ಕಬ್ಬು, ಒಂದು ಕಡೆ ಕಾಲುವೆ. ಕಬ್ಬಿನೊಳಗೆ ಮುಂಗುಸಿ ಮತ್ತು ಕಾಡುಬೆಕ್ಕು, ಮೇಲೆ ಹದ್ದು. ಇಂಥ ಕಡೆ ಹುಂಜವೆಂದರೆ ಕಾವಲುಗಾರ. ಆಕಾಶದಲ್ಲಿ ಹದ್ದು ಕಂಡರೆ ಅದು ಕೊಡುವ ಎಚ್ಚರಿಕೆಯ ಕೂಗು ಬೇರೆ, ನೆಲದ ಮೇಲೆ ಬೆಕ್ಕು ಬಂದರೆ ಕೊಡುವ ಕೂಗು ಬೇರೆ. ಮೊದಲನೆಯದು ಕೇಳಿದರೆ ಹೇಂಟೆಗಳೂ ಮರಿಗಳೂ ಕಣ್ಣು ಮಿಟುಕಿಸುವುದರಲ್ಲಿ ಕಣಿಕೆಯ ಬಣವೆಯ ಅಡಿ ಸೇರಿಬಿಡುತ್ತಿದ್ದವು. ಅದಕ್ಕೇ ನಮ್ಮ ಮಾವನವರಿಗೆ ಆ ಹುಂಜದ ಮೇಲೆ ಅಷ್ಟು ಅಭಿಮಾನ. ಎದೆ ಮುಂದೆ ಮಾಡಿ ಹೆಜ್ಜೆ ಎಣಿಸಿದಂತೆ ನಡೆಯುತ್ತದೆ ಎಂದು ಅದಕ್ಕೆ ಸಾಹುಕಾರ ಎಂದು ಹೆಸರಿಟ್ಟಿದ್ದರು. ನಿಮ್ಮ ಅತ್ತೆಯವರ ಹಟ ನನಗೆ ಅರ್ಥವಾಗದ್ದಲ್ಲ.

ಸಾಹುಕಾರ ಹೀಗಾಗಲು ನಾವೂ ಕಾರಣ. ಅದರ ತಾಯಿಯನ್ನು ಮುಂಗುಸಿ ಹಿಡಿದಾಗ ಉಳಿದದ್ದು ಅದೊಂದೇ ಮರಿ. ನನ್ನ ಮಗಳು ಅದನ್ನು ರಟ್ಟಿನ ಡಬ್ಬಿಯಲ್ಲಿಟ್ಟು ಪಡಸಾಲೆಯಲ್ಲೇ ಸಾಕಿದಳು, ಅಂಗೈಯಲ್ಲಿ ನೆನೆಸಿದ ನುಚ್ಚು ತಿನ್ನಿಸಿದಳು. ಹಾಗೆ ಕೈತುತ್ತಿನಲ್ಲಿ ಬೆಳೆದ ಹುಂಜ ಸಾಧು ಆಗುತ್ತದೆ ಎಂದು ನಾವೆಲ್ಲ ನಂಬಿದ್ದೆವು. ಆದದ್ದು ಉಲ್ಟಾ. ಮನುಷ್ಯರ ಭಯ ಹೋಯಿತು, ಅಷ್ಟೇ. ಆರು ತಿಂಗಳಿಗೆ ಕೂಗು ಗಟ್ಟಿಯಾಯಿತು, ಹೇಂಟೆಗಳ ಹಿಂದೆ ಬಿತ್ತು. ಅಂದಿನಿಂದ ನಾವೆಲ್ಲ ಅದರ ಕಣ್ಣಿಗೆ ಇನ್ನೊಂದು ಹುಂಜವಾಗಿ ಕಾಣತೊಡಗಿದೆವು.

ಅದು ಎರಗುವ ಮೊದಲು ಸಾಮಾನ್ಯವಾಗಿ ಸೂಚನೆ ಕೊಡುತ್ತದೆ. ಒಂದು ರೆಕ್ಕೆಯನ್ನು ನೆಲಕ್ಕೆ ತಾಗುವಂತೆ ಇಳಿಬಿಟ್ಟು ಓರೆಯಾಗಿ ಸುತ್ತು ಹಾಕುತ್ತದೆ. ಏನೂ ಇಲ್ಲದ ನೆಲವನ್ನು ಸುಮ್ಮನೆ ಕುಕ್ಕುತ್ತದೆ, ಕಣ್ಣು ಮಾತ್ರ ನಿಮ್ಮ ಮೇಲೇ ಇರುತ್ತದೆ. ಕೊನೆಗೆ ಕತ್ತಿನ ಗರಿ ಕೊಡೆಯಂತೆ ಬಿಚ್ಚಿಕೊಂಡರೆ ಮುಂದಿನದು ಜಿಗಿತ. ದೊಡ್ಡವರಿಗೆ ಇದು ಗೊತ್ತಾಗುತ್ತದೆ. ಮಕ್ಕಳಿಗೆ ಅದು ಕುಣಿತದಂತೆ ಕಾಣುತ್ತದೆ. ನನ್ನ ಮಗ ಚಪ್ಪಾಳೆ ತಟ್ಟುತ್ತಿದ್ದ.

ನನ್ನ ಮೊಣಕಾಲಿಗೆ ಎರಡು ಸಲ ಒದ್ದ ಮೇಲೆ ಪಳಗಿಸುವ ಹುಚ್ಚು ನನಗೂ ಹಿಡಿಯಿತು. ಮೈದುನ ಒಮ್ಮೆ ಅದನ್ನು ಕಾಲಿನಿಂದ ಒದ್ದು ನೋಡಿದ್ದ. ಒದ್ದರೆ ಅದು ಜಗಳಕ್ಕೆ ಸಿಕ್ಕ ಜೋಡಿ ಎಂದೇ ತಿಳಿಯುತ್ತದೆ, ಮರುದಿನ ಇನ್ನೂ ಜೋರಾಗಿ ಬರುತ್ತದೆ. ನಾನು ಹಿಡಿದದ್ದು ಬೇರೆ ದಾರಿ. ಅಂಗಳಕ್ಕೆ ಇಳಿಯುವಾಗ ಕೈಯಲ್ಲಿ ಒಂದು ಬುಟ್ಟಿ. ಅದು ಬಂದರೆ ಓಡುವುದಿಲ್ಲ, ಹೊಡೆಯುವುದಿಲ್ಲ. ಬುಟ್ಟಿಯನ್ನು ನಡುವೆ ಹಿಡಿದು ಅದು ಪಕ್ಕಕ್ಕೆ ಸರಿಯುವವರೆಗೆ ನಿಧಾನವಾಗಿ ಮುಂದೆ ನಡೆಯುವುದು. ದಿನಕ್ಕೊಮ್ಮೆ ಅದನ್ನು ಹಿಡಿದು ಕಂಕುಳಲ್ಲಿ ಒತ್ತಿಕೊಂಡು, ಕಾಲು ಕೆಳಗೆ ಬಿಗಿಯಾಗಿ ಹಿಡಿದು, ಹತ್ತು ನಿಮಿಷ ಅದರ ಹೇಂಟೆಗಳ ನಡುವೆಯೇ ಓಡಾಡುವುದು. ಅವುಗಳೆದುರು ಮರ್ಯಾದೆ ಹೋಗುತ್ತದೆ ಎಂದು ಮಾವ ನಗುತ್ತಿದ್ದರು. ಹದಿನೈದು ದಿನದಲ್ಲಿ ಸಾಹುಕಾರ ನನ್ನನ್ನು ಕಂಡರೆ ದಾರಿ ಬಿಡತೊಡಗಿತು. ನಾನು ಗೆದ್ದೆ ಎಂದು ತವರಿಗೆ ಫೋನ್ ಮಾಡಿಯೂ ಹೇಳಿದ್ದೆ.

ಜೋಳದ ರಾಶಿ ಮುಗಿದು ತಾಡಪತ್ರಿಯ ಮೇಲೆ ಕಾಳು ಒಣಹಾಕಿದ್ದ ದಿನವದು. ನಾನು ಹತ್ತು ಹೆಜ್ಜೆ ದೂರದಲ್ಲಿ ಮೊರ ಹಿಡಿದು ಹಸನು ಮಾಡುತ್ತಿದ್ದೆ. ಮಗನಿಗೆ ಆಗ ಮೂರು ವರ್ಷ. ತಾಡಪತ್ರಿಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಮುಷ್ಟಿಯಲ್ಲಿ ಜೋಳ ಹಿಡಿದು, ಅಕ್ಕ ಮಾಡುತ್ತಿದ್ದಂತೆ ಬಾ ಬಾ ಎಂದು ಕರೆದ. ಹಾಗೆ ಕುಳಿತಾಗ ಅವನ ಮುಖ ಇದ್ದದ್ದು ಹುಂಜದ ತಲೆಗಿಂತ ಒಂದು ಗೇಣು ಮೇಲೆ. ರೆಕ್ಕೆ ಬಡಿದ ಸದ್ದು ಒಂದೇ ನನಗೆ ಕೇಳಿದ್ದು. ತಿರುಗಿ ನೋಡುವಷ್ಟರಲ್ಲಿ ಮಗು ಅಂಗಾತ ಬಿದ್ದಿತ್ತು, ಕೆನ್ನೆ ಸೀಳಿ ರಕ್ತ ಕಿವಿಯವರೆಗೆ ಇಳಿದಿತ್ತು, ಮುಷ್ಟಿ ಮಾತ್ರ ಬಿಚ್ಚಿರಲಿಲ್ಲ. ಗಾಯ ಕಣ್ಣಿನಿಂದ ಒಂದು ಬೆರಳು ಕೆಳಗೆ.

ಅದನ್ನೇ ಎಷ್ಟೋ ರಾತ್ರಿ ಯೋಚಿಸಿದ್ದೇನೆ. ಎರಡು ವಾರ ನಾನು ಕಲಿಸಿದ್ದು ನನ್ನ ಎತ್ತರವನ್ನು, ನನ್ನ ಬುಟ್ಟಿಯನ್ನು, ನನ್ನ ನಡಿಗೆಯನ್ನು. ಮಗುವಿನಲ್ಲಿ ಇವು ಯಾವುವೂ ಇಲ್ಲ. ಮಗು ಕುಳಿತರೆ ಹೆಚ್ಚುಕಡಿಮೆ ಹುಂಜದಷ್ಟೇ ಎತ್ತರ, ಹೆದರಿದರೆ ಓಡುತ್ತದೆ, ಕಿರುಚುತ್ತದೆ. ಓಡುವುದೆಂದರೆ ಹುಂಜದ ಲೆಕ್ಕದಲ್ಲಿ ಸೋತಂತೆ, ಸೋತವರನ್ನು ಅಟ್ಟುವುದು ಅದರ ಸ್ವಭಾವ. ಮಗಳ ಕೈಗೆ ಕೋಲು ಕೊಟ್ಟು ಧೈರ್ಯ ಕಲಿಸಿ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ನಾಲ್ಕು ವರ್ಷದ ಮಗುವಿಗೆ ಅದು ಕೆಲಸವಲ್ಲ.

ಗಾಯದ ವಿಷಯ ಬೇಗ ಹೇಳಿಬಿಡುತ್ತೇನೆ. ಹರಿಯುವ ನೀರು, ಸಾಬೂನು ಹಾಕಿ ಚೆನ್ನಾಗಿ ತೊಳೆಯಿರಿ. ಕಾಫಿಪುಡಿ, ಸುಣ್ಣ ಮೆತ್ತಬೇಡಿ. ಕೋಳಿಯ ಕಾಲು ತಿಪ್ಪೆಯಲ್ಲೇ ಇರುತ್ತದೆ, ಅದರ ಕಾಲಿನ ಮುಳ್ಳು ಚುಚ್ಚಿದ ಗಾಯ ಮೇಲೆ ಸಣ್ಣದಾಗಿ ಕಂಡರೂ ಆಳವಿರುತ್ತದೆ. ಆಸ್ಪತ್ರೆಗೆ ಹೋಗುವಾಗ ತಾಯಿ ಕಾರ್ಡ್ ಒಯ್ಯಿರಿ, ಧನುರ್ವಾಯುವಿನ ಲಸಿಕೆ ಯಾವಾಗ ಆಗಿದೆ ಎಂದು ವೈದ್ಯರು ಮೊದಲು ಅದನ್ನೇ ಕೇಳುತ್ತಾರೆ. ನೆರೆಯವರು ನಾಯಿ ಕಚ್ಚಿದಾಗ ಕೊಡುವ ಚುಚ್ಚುಮದ್ದು ಬೇಕು ಎಂದು ನನ್ನನ್ನು ಹೆದರಿಸಿದ್ದರು. ರೇಬಿಸ್ ಸಸ್ತನಿಗಳ ಕಾಯಿಲೆ, ಹುಂಜದಿಂದ ಬರುವುದಿಲ್ಲ. ಕಣ್ಣಿನ ಹತ್ತಿರ ತಗುಲಿದ್ದರೆ ಮಾತ್ರ ಗಾಯ ಎಷ್ಟೇ ಚಿಕ್ಕದಿರಲಿ, ಅಂದೇ ಕಣ್ಣಿನ ವೈದ್ಯರಿಗೆ ತೋರಿಸಿ.

ಕುಕ್ಕಿದರೆ ಏನಾಗುತ್ತದೆ ಎಂದು ನಿಮ್ಮ ಅತ್ತೆಯವರು ಹೇಳುತ್ತಾರೆ ಎಂದು ಬರೆದಿದ್ದೀರಿ. ಆಸ್ಟ್ರೇಲಿಯಾದಲ್ಲಿ ಮೊಟ್ಟೆ ತರಲು ಹೋಗಿದ್ದ 76 ವರ್ಷದ ಮಹಿಳೆಯೊಬ್ಬರ ಕಾಲಿನ ಉಬ್ಬಿದ ರಕ್ತನಾಳಕ್ಕೆ ಹುಂಜ ಕುಕ್ಕಿ, ರಕ್ತ ನಿಲ್ಲದೆ ಅವರು ತೀರಿಕೊಂಡದ್ದು 2019ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. ಅಪರೂಪದ ಸಂಗತಿ ನಿಜ. ಆದರೆ ನಮ್ಮ ಕಡೆ ಹೊಲದಲ್ಲಿ ದುಡಿದ ಹಿರಿಯರ ಮೀನಖಂಡ ನೋಡಿದರೆ ಅಂಥ ಹಸಿರು ನರ ಎಷ್ಟು ಮಂದಿಗಿಲ್ಲ? ಮೊಮ್ಮಗಳ ಮಾತಿಗೆ ಕರಗದವರು ತಮ್ಮ ಕಾಲಿನ ಮಾತಿಗೆ ಕರಗಬಹುದು.

ಇನ್ನು ಹರಕೆ. ದೇವಿಗೆ ಬಿಟ್ಟ ಹುಂಜವನ್ನು ಮಾರಬಾರದು, ಕೊಯ್ಯಬಾರದು ಎಂಬುದು ಸರಿ. ಕಟ್ಟಿ ಸಾಕಬಾರದು ಎಂದು ಯಾವ ಪೂಜಾರಿಯೂ ಹೇಳಿಲ್ಲ. ಅತ್ತೆಯವರ ಜೊತೆ ಕೊಡುವ, ಕೊಡದಿರುವ ಜಗಳವನ್ನೇ ಬಿಡಿ, ಜಾತ್ರೆಯವರೆಗೆ ದೇವಿಯ ಹುಂಜಕ್ಕೆ ಬೇರೆ ಮನೆ ಎಂದು ಹೇಳಿ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲ ಸಾಕು. ಮೇಲೆಯೂ ಜಾಲರಿ ಬೇಕು, ಇಲ್ಲದಿದ್ದರೆ ಹಾರಿ ಬರುತ್ತದೆ. ಜಾಲರಿಯ ಕಣ್ಣು ಮಗಳ ಬೆರಳು ತೂರದಷ್ಟು ಸಣ್ಣದಿರಲಿ, ಚಿಲಕ ಅವಳಿಗೆ ಎಟುಕದ ಎತ್ತರದಲ್ಲಿರಲಿ. ಬುಟ್ಟಿ ಮುಚ್ಚಿ ಮೇಲೆ ಕಲ್ಲು ಹೇರುವುದು ಒಂದು ಹೊತ್ತಿನ ಮಾತು. ಕೋಳಿಗೆ ಬೆವರಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ನಿಮ್ಮ ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಬುಟ್ಟಿಯ ಅಡಿ ಮಧ್ಯಾಹ್ನ ಬಿಟ್ಟರೆ ಹರಕೆ ಜಾತ್ರೆಗೆ ಮೊದಲೇ ತೀರಿಹೋಗುತ್ತದೆ. ಬೇವಿನ ನೆರಳು, ಮಣ್ಣಿನ ಬಟ್ಟಲಲ್ಲಿ ನೀರು ಇರಲಿ. ಮಗಳು ಅಂಗನವಾಡಿಗೆ ಹೋದ ಹೊತ್ತಿನಲ್ಲಿ ಹೊರಗೆ ಬಿಡಿ, ಅವಳು ಬರುವ ಮೊದಲೇ ಒಳಗೆ ಹಾಕಿ. ಈ ಕೆಲಸ ಯಾರದು ಎಂದು ಒಬ್ಬರ ಹೆಸರಿಗೆ ನಿಗದಿ ಮಾಡಿ. ಎಲ್ಲರ ಕೆಲಸವಾದರೆ ಒಂದು ದಿನ ಯಾರೂ ಮಾಡಿರುವುದಿಲ್ಲ.

ಕಾಲಿನ ಮುಳ್ಳು ಕತ್ತರಿಸಿದರೆ ಸಾಕೇ ಎಂದೂ ಕೇಳಿದ್ದೀರಿ. ಮೇಲಿನ ಕವಚ ನಮ್ಮ ಉಗುರಿನಂಥದ್ದು, ಒಳಗೆ ಎಲುಬೂ ರಕ್ತವೂ ಇರುತ್ತವೆ. ತುದಿಯನ್ನಷ್ಟೇ ಅರದಿಂದ ತಿಕ್ಕಿ ಮೊಂಡು ಮಾಡಬಹುದು, ಬುಡಕ್ಕೆ ಕತ್ತರಿ ಹಾಕಿದರೆ ರಕ್ತ ಸುರಿಯುತ್ತದೆ. ಮಾಡಿ, ಒಳ್ಳೆಯದೇ. ಆದರೆ ಕೊಕ್ಕು ಹಾಗೆಯೇ ಇರುತ್ತದೆ ಎಂಬುದನ್ನು ಮರೆಯಬೇಡಿ.

ನಮ್ಮ ಮನೆಯಲ್ಲಿ ಹರಕೆಯ ತೊಡಕಿರಲಿಲ್ಲ. ಆದರೂ ಹುಂಜ ಹೋದರೆ ಮೊಟ್ಟೆ ನಿಲ್ಲುತ್ತದೆ ಎಂದು ನಮ್ಮ ಅತ್ತೆ ವಾರವಿಡೀ ಗೊಣಗಿದರು. ಹೇಂಟೆ ಮೊಟ್ಟೆ ಇಡಲು ಹುಂಜ ಬೇಕಿಲ್ಲ, ಮರಿಯಾಗಲು ಬೇಕು. ಹುಂಜ ಹೋದ ಮೇಲೂ ಒಂದೆರಡು ವಾರದ ಮೊಟ್ಟೆಗಳು ಮರಿಯಾಗಬಲ್ಲವು. ಆದರೆ ಸಾಹುಕಾರನ ಮೊಟ್ಟೆಗಳನ್ನು ನಾನು ಕಾವಿಗೆ ಇಡಲಿಲ್ಲ, ಆ ಸಿಟ್ಟು ರಕ್ತದಲ್ಲಿ ಮರಿಗಳಿಗೂ ಇಳಿಯುತ್ತದೆ. ಪಕ್ಕದ ಊರಿನವನೊಬ್ಬ ಕಾಳಗಕ್ಕೆ ಬೇಕು ಎಂದು ಒಳ್ಳೆಯ ಬೆಲೆಗೆ ಕೇಳಿದ. ಪ್ರಾಣಿಗಳನ್ನು ಕಾದಾಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಕಾನೂನು ಹಾಗಿರಲಿ, ಕಾಲಿಗೆ ಚೂರಿ ಕಟ್ಟಿಸಿಕೊಂಡು ಸಾಯಲೆಂದು ಅದನ್ನು ಸಾಕಿರಲಿಲ್ಲ. ಮಕ್ಕಳಿರುವ ಇನ್ನೊಂದು ಮನೆಗೆ ಸುಳ್ಳು ಹೇಳಿ ದಾಟಿಸುವುದೂ ಆಗಲಿಲ್ಲ. ಕೊನೆಗೆ ಮಾವನವರೇ ಒಂದು ಭಾನುವಾರ ಅದನ್ನು ಕಾಲುವೆಯ ಕಡೆ ಒಯ್ದರು. ಎರಡು ವರ್ಷದ ಹುಂಜ, ಕುಕ್ಕರಿನಲ್ಲಿ ಎಂಟು ಸೀಟಿಗೂ ಬೇಯಲಿಲ್ಲ. ಮಕ್ಕಳು ಸಾರು ಬಡಿಸಿಕೊಂಡರು. ಮಾವನವರು ರೊಟ್ಟಿಗೆ ಪುಂಡಿಪಲ್ಯ ಹಚ್ಚಿಕೊಂಡು ಉಂಡು, ಏನೂ ಮಾತಾಡದೆ ಎದ್ದು ಹೋದರು.

ನೀವು ಇಂದೇ ಅದನ್ನು ಹಿಡಿಯುವುದಾದರೆ ಹಗಲಲ್ಲಿ ಬೆನ್ನಟ್ಟಬೇಡಿ, ಅದು ಇನ್ನಷ್ಟು ಕೆರಳುತ್ತದೆ, ಮಗಳೂ ನೋಡುತ್ತಿರುತ್ತಾಳೆ. ಕೋಳಿಗೆ ಕತ್ತಲಲ್ಲಿ ಕಣ್ಣು ಕಾಣುವುದು ಕಡಿಮೆ. ಊಟ ಮುಗಿದು ಮಗಳು ಮಲಗಿದ ಮೇಲೆ, ಮೊಬೈಲ್ ಬೆಳಕು ಹಾಕದೆ, ಅದು ಕುಳಿತ ಕಡೆ ಸದ್ದಿಲ್ಲದೆ ಹೋಗಿ. ಎರಡು ರೆಕ್ಕೆಗಳನ್ನೂ ಮೈಗೆ ಸೇರಿಸಿ ಮೇಲಿನಿಂದ ಹಿಡಿದು, ಹಳೆಯ ಟವೆಲಿನಲ್ಲಿ ಸುತ್ತಿ ಎತ್ತಿಕೊಳ್ಳಿ. ಹಗಲಿನ ಆ ರಾಕ್ಷಸ ಕೈಯಲ್ಲಿ ಕೊಕ್ ಎಂದು ಒಂದೇ ಸಲ ಅಂದು ಸುಮ್ಮನಾಗುತ್ತದೆ.