ಅಳಿಸಿಹೋದ ಸೇವಾ ಖಾತೆಗೆ ಹಳೆಯ ಸಂಖ್ಯೆಯೇ ಬೇಕು

ಪ್ರಶ್ನೆ: ಉಬುಂಟು ಸರ್ವರ್‌ನಲ್ಲಿ ಬೇಡದ ಖಾತೆಗಳನ್ನು ತೆಗೆಯುವಾಗ, ಡೇಟಾಬೇಸ್ ನಿಲ್ಲಿಸಿದ್ದ ಹೊತ್ತಿನಲ್ಲೇ, ಅದನ್ನು ನಡೆಸುವ ‘ಪೋಸ್ಟ್‌ಗ್ರೆಸ್’ ಖಾತೆಯನ್ನು ‘ಯೂಸರ್‌ಡೆಲ್’ ಆದೇಶದಿಂದ ಕೈತಪ್ಪಿ ಅಳಿಸಿಬಿಟ್ಟೆ. ‘ಆರ್’ ಆಯ್ಕೆ ಬಳಸಿರಲಿಲ್ಲ. ಈಗ ಡೇಟಾಬೇಸ್ ಶುರುವಾಗುತ್ತಿಲ್ಲ. ಅದರ ಕಡತಗಳ ಮಾಲೀಕರ ಜಾಗದಲ್ಲಿ ಹೆಸರಿನ ಬದಲು 113 ಎಂಬ ಸಂಖ್ಯೆ ಕಾಣುತ್ತಿದೆ. ಅದೇ ಹೆಸರಿನಲ್ಲಿ ಹೊಸ ಖಾತೆ ತೆರೆದರೆ ಸಾಕೇ?

ಉತ್ತರ: ಹೆಸರೊಂದೇ ಸಾಲದು. ಲಿನಕ್ಸ್ ಕಡತದ ಜೊತೆ ಬರೆದಿಡುವುದು ಮಾಲೀಕನ ಸಂಖ್ಯೆಯನ್ನೇ ಹೊರತು ಹೆಸರನ್ನಲ್ಲ. ಹೊಸ ಖಾತೆಗೆ ಬೇರೊಂದು ಸಂಖ್ಯೆ ಸಿಕ್ಕರೆ, ಹೆಸರು ಒಂದೇ ಇದ್ದರೂ ಆ ಕಡತಗಳು ಅದರದಾಗುವುದಿಲ್ಲ. ‘ಆರ್’ ಆಯ್ಕೆ ಸೇರಿಸದಿದ್ದುದು ನಿಮ್ಮ ಪುಣ್ಯ. ಸೇರಿಸಿದ್ದರೆ ಖಾತೆಯ ಮನೆ ಕೋಶ, ಅಂದರೆ ದತ್ತಾಂಶವೆಲ್ಲ ಇರುವ ಕೋಶವೇ, ಅಳಿಸಿಹೋಗುತ್ತಿತ್ತು.

ಬೇರೇನನ್ನೂ ಮಾಡುವ ಮೊದಲು ‘ಇಟಿಸಿ’ ಕೋಶವನ್ನು ನೋಡಿ. ‘ಪಾಸ್‌ಡಬ್ಲ್ಯುಡಿ’, ‘ಶ್ಯಾಡೋ’, ‘ಗ್ರೂಪ್’, ‘ಜಿಶ್ಯಾಡೋ’ ಎಂಬ ನಾಲ್ಕು ಕಡತಗಳ ಪಕ್ಕದಲ್ಲಿ, ಅದೇ ಹೆಸರಿನ ಕೊನೆಗೆ ಒಂದು ಅಡ್ಡಗೆರೆ (-) ಇರುವ ಪ್ರತಿಗಳಿರುತ್ತವೆ. ಅವು ಕೊನೆಯ ಬದಲಾವಣೆಗೆ ಮುಂಚಿನ ಸ್ಥಿತಿಯವು. ನೀವು ಇನ್ನೊಂದು ಖಾತೆಯನ್ನು ಸೇರಿಸಿದರೆ ಅಥವಾ ಅಳಿಸಿದರೆ ಈ ಪ್ರತಿಗಳ ಮೇಲೆ ಹೊಸ ಪ್ರತಿ ಬಂದು ಕೂರುತ್ತದೆ, ನಿಮಗೆ ಬೇಕಾದ ಸಾಲು ಹೋಗಿಬಿಡುತ್ತದೆ. ಆದ್ದರಿಂದ ದಯವಿಟ್ಟು ಈಗಲೇ ಈ ನಾಲ್ಕು ಪ್ರತಿಗಳನ್ನೂ ರೂಟ್ ಬಳಕೆದಾರನ ಕೋಶಕ್ಕೆ ನಕಲು ಮಾಡಿಕೊಳ್ಳಿ. ಹೊಸ ಪ್ಯಾಕೇಜುಗಳನ್ನೂ ಸದ್ಯಕ್ಕೆ ಹಾಕಬೇಡಿ; ಖಾಲಿಯಾದ 113 ಅನ್ನು ಮತ್ತೊಂದು ಸೇವೆಯ ಖಾತೆ ಪಡೆದುಕೊಂಡರೆ ನಿಮ್ಮ ದತ್ತಾಂಶಕ್ಕೆ ಅದೇ ಒಡೆಯನಾಗುತ್ತದೆ.

‘ಪಾಸ್‌ಡಬ್ಲ್ಯುಡಿ’ ಪ್ರತಿಯ ನಕಲಿನಲ್ಲಿ ‘ಪೋಸ್ಟ್‌ಗ್ರೆಸ್’ ಎಂದು ಆರಂಭವಾಗುವ ಸಾಲಿನಲ್ಲಿ ವಿವರಣಚಿಹ್ನೆಗಳಿಂದ (:) ಬೇರ್ಪಟ್ಟ ಏಳು ಭಾಗಗಳಿರುತ್ತವೆ. ಮೂರನೆಯದು ಬಳಕೆದಾರ ಸಂಖ್ಯೆ, ನಾಲ್ಕನೆಯದು ಗುಂಪಿನ ಸಂಖ್ಯೆ, ಆರನೆಯದು ಮನೆ ಕೋಶ, ಏಳನೆಯದು ಶೆಲ್, ಅಂದರೆ ಖಾತೆಯ ಆದೇಶಗಳನ್ನು ಓದಿ ನಡೆಸುವ ತಂತ್ರಾಂಶ. ಗುಂಪಿನ ಸಂಖ್ಯೆ 117 ಆಗಿದೆ ಎಂದುಕೊಳ್ಳೋಣ. ಖಾತೆಯೊಡನೆ ಗುಂಪೂ ಹೋಗಿದ್ದರೆ ಅದನ್ನು ‘ಗ್ರೂಪ್‌ಆ್ಯಡ್’ ಆದೇಶದಿಂದ 117 ಕೊಟ್ಟೇ ಮೊದಲು ಸೃಷ್ಟಿಸಿ, ನಂತರ ‘ಯೂಸರ್‌ಆ್ಯಡ್’ ಆದೇಶಕ್ಕೆ ವ್ಯವಸ್ಥೆಯ ಖಾತೆ ಎಂದು ಸೂಚಿಸುವ ‘ಆರ್’ ಆಯ್ಕೆಯ ಜೊತೆಗೆ, ‘ಯು’ ಆಯ್ಕೆಯಲ್ಲಿ 113, ‘ಜಿ’ ಆಯ್ಕೆಯಲ್ಲಿ 117, ಹಾಗೂ ಹಳೆಯ ಮನೆ ಕೋಶ ಮತ್ತು ಶೆಲ್‌ಗಳನ್ನು ಇದ್ದಂತೆಯೇ ಕೊಡಿ. ಸೇವಾ ಖಾತೆಗಳಿಗೆ ಸಾಮಾನ್ಯವಾಗಿ ಲಾಗಿನ್ ತಡೆಯುವ ‘ನೋಲಾಗಿನ್’ ಶೆಲ್ ಇರುತ್ತದೆಂದು ಇದಕ್ಕೂ ಅದನ್ನೇ ಹಾಕಬೇಡಿ. ಉಬುಂಟುವಿನಲ್ಲಿ ಈ ಖಾತೆಯ ಶೆಲ್ ‘ಬ್ಯಾಶ್’.

ಬಹಳ ಜನ ಮರೆಯುವುದು ಹೆಚ್ಚುವರಿ ಗುಂಪುಗಳನ್ನು. ಡೆಬಿಯನ್ ಮತ್ತು ಉಬುಂಟುವಿನಲ್ಲಿ ಈ ಖಾತೆ ‘ಎಸ್‌ಎಸ್‌ಎಲ್-ಸರ್ಟ್’ ಗುಂಪಿನಲ್ಲೂ ಇರುತ್ತದೆ. ಅದು ತಪ್ಪಿದರೆ ಗೂಢಲಿಪಿಯ ಖಾಸಗಿ ಕೀಲಿಯನ್ನು ಓದಲಾಗದೆ, ಉಳಿದೆಲ್ಲ ಸರಿಯಿದ್ದರೂ ಡೇಟಾಬೇಸ್ ಏಳದೇ ಇರಬಹುದು. ಹಳೆಯ ‘ಗ್ರೂಪ್’ ಪ್ರತಿಯಲ್ಲಿ ಖಾತೆಯ ಹೆಸರು ಎಲ್ಲೆಲ್ಲಿದೆ ಎಂದು ಹುಡುಕಿ, ‘ಯೂಸರ್‌ಮಾಡ್’ ಆದೇಶದಿಂದ ಆ ಗುಂಪುಗಳಿಗೆಲ್ಲ ಮರಳಿ ಸೇರಿಸಿ.

ಅಡ್ಡಗೆರೆಯ ಪ್ರತಿಯಲ್ಲಿ ಸಾಲು ಈಗಾಗಲೇ ಇಲ್ಲವಾಗಿದ್ದರೂ ದತ್ತಾಂಶದ ಕೋಶದ ಮೇಲೆ ‘ಎಲ್‌ಎಸ್’ ಆದೇಶವನ್ನು ‘ಎಲ್‌ಎನ್’ ಆಯ್ಕೆಗಳೊಂದಿಗೆ ನಡೆಸಿದರೆ ಎರಡೂ ಸಂಖ್ಯೆಗಳು ಸಿಗುತ್ತವೆ. ಖಾತೆ ಸೃಷ್ಟಿಸಿದ ಮೇಲೆ ‘ಪಿಡಬ್ಲ್ಯುಸಿಕೆ’, ‘ಜಿಆರ್‌ಪಿಸಿಕೆ’ ಆದೇಶಗಳಿಂದ ಕಡತಗಳನ್ನು ಪರಿಶೀಲಿಸಿ. ‘ಫೈಂಡ್’ ಆದೇಶದಲ್ಲಿ, ಮಾಲೀಕ ಖಾತೆಯೇ ಇಲ್ಲದ ಕಡತಗಳನ್ನು ತೋರಿಸುವ ‘ನೋಯೂಸರ್’ ಆಯ್ಕೆ ಕೊಟ್ಟು ಹುಡುಕಿದಾಗ 113ರ ಕಡತ ಒಂದೂ ಕಾಣದಿದ್ದರೆ ಡೇಟಾಬೇಸನ್ನು ಧೈರ್ಯವಾಗಿ ಆರಂಭಿಸಬಹುದು.