ಮೊದಲ ಬೈಕ್: ಉದ್ಯಮಬಾಗದ ಡ್ಯೂಟಿಗೂ ಆಗಬೇಕು, ಜಾಂಬೋಟಿಯ ಮಣ್ಣುದಾರಿಗೂ ಆಗಬೇಕು

ಓದುಗರ ಪ್ರಶ್ನೆ, ನಮ್ಮ ಉತ್ತರ: ದ್ವಿಚಕ್ರ ವಾಹನ ವಿಭಾಗ

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿರುವ ಯಂತ್ರಭಾಗಗಳ ಕಾರ್ಖಾನೆಯೊಂದಕ್ಕೆ ಇತ್ತೀಚೆಗೆ ಕೆಲಸಕ್ಕೆ ಸೇರಿದ್ದೇನೆ. ಮನೆ ಕಣಬರ್ಗಿಯ ಕಡೆ ಇರುವುದರಿಂದ ಹೋಗಿಬರಲು ದಿನಕ್ಕೆ ಇಪ್ಪತ್ತು ಕಿಲೋಮೀಟರ್ ದಾಟುತ್ತದೆ. ರವಿವಾರ ಗೆಳೆಯರ ಜೊತೆ ಜಾಂಬೋಟಿ, ಕಣಕುಂಬಿ ಕಡೆಯ ಕಚ್ಚಾ ರಸ್ತೆಗಳಲ್ಲಿ ಓಡಿಸುವ ಆಸೆಯಿದೆ. ಇದುವರೆಗೆ ಓಡಿಸಿದ್ದು ಅಪ್ಪನ ಸ್ಕೂಟರ್ ಮಾತ್ರ. ನನ್ನ ಎತ್ತರ 5 ಅಡಿ 5 ಅಂಗುಲ, ಕೈಯಲ್ಲಿರುವುದು ಸುಮಾರು ಎರಡು ಕಾಲು ಲಕ್ಷ ರೂಪಾಯಿ. ಸಾಲ ಮಾಡಿಯಾದರೂ ಹಿಮಾಲಯನ್ 450 ತೆಗೆದುಕೊ ಎಂದು ಗೆಳೆಯರು ಹೇಳಿದರೆ, ನೂರು ಸಿಸಿ ಗಾಡಿ ಸಾಕು ಎಂದು ಅಪ್ಪ ಹೇಳುತ್ತಾರೆ. ಯಾರ ಮಾತು ಕೇಳಲಿ?
ಓದುಗರೊಬ್ಬರು, ಬೆಳಗಾವಿ

ಉತ್ತರ: ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ, ಆದರೆ ಒಂದನ್ನೇ ಆರಿಸಲೇಬೇಕೆಂದರೆ ನಾವು ನಿಮ್ಮ ತಂದೆಯವರ ಪಕ್ಷಕ್ಕೆ ಹತ್ತಿರದಲ್ಲಿ ನಿಲ್ಲುತ್ತೇವೆ. ಮಣ್ಣುದಾರಿಗೆ ಗಾಡಿ ಹುಡುಕುವವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಎಂಜಿನ್ ಎಷ್ಟು ಸಿಸಿ, ಎಷ್ಟು ಪವರ್ ಎಂಬುದನ್ನು. ಹೊಸದಾಗಿ ಕಲಿಯುವವರು ವಿಚಾರಿಸಬೇಕಾದದ್ದು ತೂಕವನ್ನು, ಅದರ ಬೆನ್ನಿಗೇ ಸೀಟಿನ ಎತ್ತರವನ್ನು. ಕಚ್ಚಾ ರಸ್ತೆಯಲ್ಲಿ ಗಾಡಿ ಬೀಳುವುದು ಅಪಘಾತದ ಲೆಕ್ಕಕ್ಕೆ ಸೇರುವುದಿಲ್ಲ, ಅದು ಕಲಿಕೆಯ ಭಾಗ. ಬಿದ್ದ ಗಾಡಿಯನ್ನು ಯಾರ ಸಹಾಯವೂ ಇಲ್ಲದೆ ಎತ್ತಿ ನಿಲ್ಲಿಸುವುದು ನಿಮ್ಮಿಂದಾಗುತ್ತದೆಯೇ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಹಿಮಾಲಯನ್ 450 ಒಳ್ಳೆಯ ಬೈಕ್ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಪೆಟ್ರೋಲ್ ತುಂಬಿದಾಗ ಅದರ ತೂಕ 196 ಕಿಲೋ. ಸಮತಟ್ಟಾದ ಡಾಂಬರಿನ ಮೇಲೆ ಈ ತೂಕ ಗೊತ್ತಾಗುವುದೇ ಇಲ್ಲ. ಮಳೆಯಲ್ಲಿ ಕೊರೆದು ಹೋದ ಇಳಿಜಾರಿನಲ್ಲಿ, ಮುಂದಿನ ಚಕ್ರ ಗುಂಡಿಗೆ ಇಳಿದು, ಎಡಗಾಲಿಗೆ ನೆಲ ಸಿಗದೆ ಗಾಡಿ ವಾಲತೊಡಗಿದ ಕ್ಷಣದಲ್ಲಿ ಪ್ರತಿ ಕಿಲೋ ತೂಕವೂ ಲೆಕ್ಕಕ್ಕೆ ಬರುತ್ತದೆ. ಹಣದ ಮಾತೂ ಇದೆ: 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದ್ದು, ಅದಕ್ಕೂ ದೊಡ್ಡ ಎಂಜಿನ್‌ಗಳಿಗೆ ಶೇ 40 ಆಗಿದೆ. 452 ಸಿಸಿಯ ಹಿಮಾಲಯನ್ ಈ ಗೆರೆಯ ಆಚೆಗಿದೆ, ನಿಮ್ಮ ಬಜೆಟ್ಟಿನ ಆಚೆಗೂ ಇದೆ. ಸಾಲದ ಕಂತು ಕಟ್ಟುತ್ತಿರುವ ಹೊಸ ಗಾಡಿಯನ್ನು ಕಲ್ಲಿಗೆ ತಾಗಿಸಲು ಯಾರಿಗೂ ಮನಸ್ಸು ಬರುವುದಿಲ್ಲವಾದ್ದರಿಂದ, ಅಂಥ ಬೈಕುಗಳು ಮಣ್ಣು ಕಾಣದೆ ಉಳಿಯುವುದೇ ಹೆಚ್ಚು.

ಇನ್ನು ತಂದೆಯವರು ಹೇಳುವ ನೂರು ಸಿಸಿ ಗಾಡಿ. ಸ್ಪ್ಲೆಂಡರಿನ ತೂಕ 112 ಕಿಲೋ, ಸೀಟಿನ ಎತ್ತರ 785 ಮಿಲಿಮೀಟರ್. ಖಾನಾಪುರ ತಾಲ್ಲೂಕಿನ ಹಳ್ಳಿಗಳ ಹಾಲಿನ ಕ್ಯಾನು, ಹುಲ್ಲಿನ ಹೊರೆ, ಹಿಂದೆ ಇಬ್ಬರು ಮಕ್ಕಳು ಸಮೇತ ಕಚ್ಚಾ ರಸ್ತೆಗಳಲ್ಲಿ ದಿನವೂ ಓಡಾಡುತ್ತಿರುವುದು ಇಂಥ ಗಾಡಿಗಳೇ ಎಂಬುದನ್ನು ನಿಮ್ಮ ಗೆಳೆಯರಿಗೆ ನೆನಪಿಸಿ. ಆದರೂ ರವಿವಾರವಿಡೀ ಕಲ್ಲು ಗುಂಡಿಗಳ ಮೇಲೆ ಓಡಿಸಿದರೆ ಅದರ ಸಸ್ಪೆನ್ಷನ್ ತಳ ಮುಟ್ಟುತ್ತದೆ, ಎಂಜಿನ್ನಿನ ಕೆಳಭಾಗಕ್ಕೆ ರಕ್ಷಣೆ ಇರುವುದಿಲ್ಲ, ಫುಟ್‌ರೆಸ್ಟ್ ಮೇಲೆ ಎದ್ದು ನಿಂತು ಓಡಿಸಲು ಹ್ಯಾಂಡಲ್ ತೀರ ತಗ್ಗಿನಲ್ಲಿರುತ್ತದೆ.

ಎರಡರ ನಡುವೆ ನಿಮಗೆ ಹೊಂದುವುದು 200 ಸಿಸಿ ಆಸುಪಾಸಿನ ಬೈಕ್. ಹೀರೋ ಎಕ್ಸ್‌ಪಲ್ಸ್ 200 4ವಿ ನಮ್ಮ ಮೊದಲ ಸೂಚನೆ. ತೂಕ 159 ಕಿಲೋ, ನೆಲದಿಂದ ಅಂತರ 220 ಮಿಲಿಮೀಟರ್, ಮುಂದೆ 21 ಇಂಚಿನ ಹಾಗೂ ಹಿಂದೆ 18 ಇಂಚಿನ ಕಡ್ಡಿ ಚಕ್ರಗಳು. ದೊಡ್ಡ ಚಕ್ರವು ಸಣ್ಣ ಗುಂಡಿಯೊಳಗೆ ಇಳಿಯದೆ ದಾಟಿಹೋಗುತ್ತದೆ. ಮೇಲೆತ್ತಿ ಕೂರಿಸಿದ ಮುಂದಿನ ಮಡ್‌ಗಾರ್ಡ್ ಚಂದಕ್ಕೆಂದು ಇಟ್ಟದ್ದಲ್ಲ, ಚಕ್ರಕ್ಕೂ ಅದಕ್ಕೂ ನಡುವೆ ಕೆಸರು ಸಿಕ್ಕಿಕೊಳ್ಳದಿರಲೆಂದು. 2025ರಲ್ಲಿ ಬಂದ ಎಕ್ಸ್‌ಪಲ್ಸ್ 210 ಇನ್ನೂ ಚುರುಕಾಗಿದೆ, ಆದರೆ ತೂಕವೂ ಬೆಲೆಯೂ ಏರಿವೆ. ನಿಮ್ಮ ಪ್ರಯಾಣದಲ್ಲಿ ಹೆದ್ದಾರಿಯೇ ಹೆಚ್ಚು, ಮಣ್ಣು ಅಪರೂಪ ಎನ್ನುವಂತಿದ್ದರೆ ಸುಜುಕಿ ವಿ-ಸ್ಟ್ರಾಮ್ ಎಸ್ಎಕ್ಸ್ ನೋಡಬಹುದು. ಅದರ 19 ಇಂಚಿನ ಮುಂದಿನ ಚಕ್ರ ಮತ್ತು ಮೆತ್ತನೆಯ 249 ಸಿಸಿ ಎಂಜಿನ್ ಪುಣೆ ರಸ್ತೆಗೆ ಹೆಚ್ಚು ಒಗ್ಗುತ್ತವೆ, ಕಣಕುಂಬಿಯ ಕಲ್ಲಿಗೆ ಕಡಿಮೆ. ನೋಂದಣಿಯೇ ಆಗದ, ಕೇವಲ ಮೈದಾನದಲ್ಲಿ ಓಡಿಸುವ ಡರ್ಟ್ ಬೈಕುಗಳ ತಂಟೆಗೆ ಹೋಗಬೇಡಿ. ಅವುಗಳಲ್ಲಿ ನೀವು ಡ್ಯೂಟಿಗೆ ಹೋಗುವಂತಿಲ್ಲ.

ಈಗ ಎತ್ತರದ ವಿಷಯ. ಎಕ್ಸ್‌ಪಲ್ಸ್ ಸೀಟು 825 ಮಿಲಿಮೀಟರ್ ಎತ್ತರದಲ್ಲಿದೆ. ಅದೇ ಬೈಕಿನ ಪ್ರೊ ಆವೃತ್ತಿಯ ಸೀಟು 891 ಮಿಲಿಮೀಟರ್. ಅಂಗಡಿಯವರು ಎಷ್ಟು ಹೊಗಳಿದರೂ 5 ಅಡಿ 5 ಅಂಗುಲದವರು ಅದನ್ನು ಮೊದಲ ಗಾಡಿಯಾಗಿ ಕೊಳ್ಳಬಾರದು. ಶೋರೂಮಿಗೆ ನೀವು ಹಾಕಿಕೊಳ್ಳಲಿರುವ ಬೂಟು ತೊಟ್ಟುಕೊಂಡೇ ಹೋಗಿ, ಸ್ಟ್ಯಾಂಡ್ ತೆಗೆದು ಕುಳಿತು ನೋಡಿ. ಎರಡೂ ಪಾದಗಳು ಪೂರ್ತಿ ಊರಬೇಕೆಂದಿಲ್ಲ. ಎರಡೂ ಕಾಲಿನ ಮುಂಗಾಲು ನೆಲಕ್ಕೆ ತಾಗಬೇಕು, ಸೀಟಿನ ಮೇಲೆ ಸ್ವಲ್ಪ ಒಂದು ಬದಿಗೆ ಸರಿದರೆ ಆ ಬದಿಯ ಪಾದ ಇಡಿಯಾಗಿ ಊರಬೇಕು, ಇಷ್ಟಾದರೆ ಸಾಕು. ಟಿಳಕವಾಡಿಯ ರೈಲ್ವೆ ಗೇಟಿನಲ್ಲಿ ಗೇಟು ತೆರೆಯುವವರೆಗೆ ಗಾಡಿಗಳ ಸಂದಿಯಲ್ಲಿ ಇಂಚಿಂಚು ಸರಿಯುವಾಗಲೂ ನಿಮಗೆ ಬೇಕಾಗುವುದು ಇದೇ ಕೌಶಲ.

ಬಿದ್ದ ಗಾಡಿ ಎತ್ತುವ ಕ್ರಮವನ್ನು ಮೊದಲ ವಾರದಲ್ಲೇ, ಮೆತ್ತನೆಯ ಮಣ್ಣಿನ ಜಾಗದಲ್ಲಿ, ಗೆಳೆಯರೊಬ್ಬರನ್ನು ಜೊತೆಗಿಟ್ಟುಕೊಂಡು ಕಲಿಯಿರಿ. ಮೊದಲು ಎಂಜಿನ್ ಆಫ್ ಮಾಡಬೇಕು. ಗಾಡಿ ಬಲಕ್ಕೆ ಬಿದ್ದಿದ್ದರೆ ಎತ್ತುವ ಮೊದಲೇ ಸೈಡ್ ಸ್ಟ್ಯಾಂಡ್ ಹೊರಗೆ ಚಾಚಿಡಬೇಕು, ಇಲ್ಲದಿದ್ದರೆ ಎತ್ತಿದ ಗಾಡಿ ಆಚೆ ಬದಿಗೆ ಉರುಳುತ್ತದೆ. ಗೇರಿನಲ್ಲಿಟ್ಟರೆ ಚಕ್ರ ಜಾರುವುದಿಲ್ಲ. ಆಮೇಲೆ ಗಾಡಿಗೆ ಬೆನ್ನು ಮಾಡಿ ಕುಕ್ಕರಗಾಲಿನಲ್ಲಿ ಕುಳಿತು, ಒಂದು ಕೈಯಲ್ಲಿ ನೆಲದ ಬದಿಯ ಹ್ಯಾಂಡಲ್ ತುದಿಯನ್ನೂ ಇನ್ನೊಂದರಲ್ಲಿ ಹಿಂದಿನ ಹಿಡಿಕೆಯನ್ನೂ ಹಿಡಿದು, ಸೊಂಟವನ್ನು ಸೀಟಿಗೆ ಒತ್ತಿ, ಪುಟ್ಟ ಹೆಜ್ಜೆಗಳಲ್ಲಿ ಹಿಂದಕ್ಕೆ ನೂಕುತ್ತ ಏಳಬೇಕು. ಬಲವೆಲ್ಲ ಕಾಲಿನಿಂದ ಬರಬೇಕು. ಬಗ್ಗಿ ಕೈಯಿಂದ ಎತ್ತಿದವರು ಸೋಮವಾರ ರಜೆ ಹಾಕುತ್ತಾರೆ.

ಟ್ಯೂಬಿನ ಬಗ್ಗೆ ಯಾವ ಶೋರೂಮಿನವರೂ ಹೇಳದ ಮಾತೊಂದಿದೆ. ಕಡ್ಡಿ ಚಕ್ರಕ್ಕೆ ಟ್ಯೂಬ್ ಇರುವುದರಿಂದ ಪಂಕ್ಚರ್ ಆದರೆ ಗಾಳಿ ಒಮ್ಮೆಲೇ ಇಳಿಯುತ್ತದೆ. ಹಳ್ಳಿಯ ಪಂಕ್ಚರ್ ಅಂಗಡಿಯಲ್ಲಿ 17, 18 ಇಂಚಿನ ಟ್ಯೂಬುಗಳು ತೂಗಾಡುತ್ತಿರುತ್ತವೆ. 21 ಇಂಚಿನದು ಸಿಗುವುದು ಕಷ್ಟ. ಆದ್ದರಿಂದ ಒಂದು 21 ಇಂಚಿನ ಟ್ಯೂಬ್, ಚಕ್ರ ಬಿಚ್ಚುವ ಸ್ಪ್ಯಾನರ್, ಟೈರ್ ಲಿವರ್ ಮತ್ತು ಕೈಪಂಪು ಸದಾ ಬ್ಯಾಗಿನಲ್ಲಿರಲಿ. ತೀರ ಅನಿವಾರ್ಯವಾದಾಗ ಇದೇ ಟ್ಯೂಬನ್ನು ಹಿಂದಿನ 18 ಇಂಚಿನ ಟೈರಿನೊಳಗೂ ತುರುಕಿ ಊರು ಸೇರಬಹುದು. ಮಣ್ಣಿಗೆ ಇಳಿಯುವಾಗ ಕಂಪನಿ ಹೇಳಿದ್ದಕ್ಕಿಂತ ನಾಲ್ಕೈದು ಪಿಎಸ್‌ಐ ಗಾಳಿ ಕಡಿಮೆ ಮಾಡಿದರೆ ಹಿಡಿತ ಚೆನ್ನಾಗಿ ಸಿಗುತ್ತದೆ. ಅದಕ್ಕಿಂತ ಇಳಿಸಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಟ್ಯೂಬ್ ಹರಿಯುತ್ತದೆ. ಡಾಂಬರಿಗೆ ಬಂದ ಕೂಡಲೇ ಮತ್ತೆ ತುಂಬಿಸಿಕೊಳ್ಳಿ.

ನಮ್ಮ ಜಿಲ್ಲೆಯ ಮಣ್ಣು ಎರಡು ಬಗೆಯದು ಎಂಬುದು ನಿಮಗೆ ಗೊತ್ತೇ ಇದೆ. ಪಶ್ಚಿಮಕ್ಕೆ ಜಾಂಬೋಟಿ, ಕಣಕುಂಬಿ ಕಡೆ ಕೆಂಪು ಜಂಬಿಟ್ಟಿಗೆ ನೆಲ. ಮಲಪ್ರಭೆ ಹುಟ್ಟುವ ಆ ಭಾಗದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡುವು ಕೊಡುವುದೇ ಅಪರೂಪವಾದ್ದರಿಂದ ಕಲ್ಲಿನ ಮೇಲೆ ಪಾಚಿ ಕಟ್ಟಿ ಜಾರುತ್ತದೆ, ಬೇಸಿಗೆಯಲ್ಲಿ ಅದೇ ದಾರಿ ಪುಡಿಯಾಗಿ ಏರ್ ಫಿಲ್ಟರ್ ಕಟ್ಟುತ್ತದೆ. ಪೂರ್ವಕ್ಕೆ ಬೈಲಹೊಂಗಲ, ಸವದತ್ತಿ ಕಡೆ ಎರೆ ಮಣ್ಣು. ಒಂದು ಹದ ಮಳೆ ಬಿದ್ದ ಮೇಲೆ ಎರೆ ಹೊಲದ ದಾರಿಗೆ ಯಾವ ಬೈಕನ್ನೂ ಇಳಿಸಬೇಡಿ. ಸ್ವಲ್ಪ ದೂರ ಹೋಗುವುದರೊಳಗೆ ಚಕ್ರಕ್ಕೆ ಅಂಟಿದ ಮಣ್ಣು ಸರಪಳಿಯ ಕವರಿನೊಳಗೂ ತುಂಬಿ ಚಕ್ರ ತಿರುಗುವುದೇ ನಿಲ್ಲುತ್ತದೆ. ಟೈರು ಬದಲಿಸಿದರೂ ಪ್ರಯೋಜನವಿಲ್ಲ, ಎರಡು ದಿನ ಬಿಸಿಲು ಬೀಳುವವರೆಗೆ ಕಾಯುವುದೊಂದೇ ದಾರಿ.

ಹಳ್ಳ ದಾಟುವ ಮೊದಲು ಇಳಿದು ನಡೆದು ಆಳ ನೋಡಿ. ನೀರಿನಲ್ಲಿ ಗಾಡಿ ಬಿದ್ದು ಎಂಜಿನ್ ನಿಂತರೆ ಸೆಲ್ಫ್ ಒತ್ತಲೇಬೇಡಿ. ಸಿಲಿಂಡರಿನೊಳಗೆ ನೀರು ಸೇರಿದ್ದರೆ ನೀರು ಗಾಳಿಯಂತೆ ಅಮುಕುವುದಿಲ್ಲವಾದ್ದರಿಂದ ಕನೆಕ್ಟಿಂಗ್ ರಾಡ್ ಬಗ್ಗಿ ಹೋಗುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ನೀರು ಹೊರಹೋಗುವಂತೆ ಎಂಜಿನ್ ತಿರುಗಿಸಿ, ಏರ್ ಫಿಲ್ಟರ್ ಒಣಗಿದ ಮೇಲೆಯೇ ಮುಂದಿನ ಮಾತು.

ಎಲ್ಲಿ ಓಡಿಸಬೇಕು ಎಂಬುದನ್ನು ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಜಾಂಬೋಟಿಯಿಂದಾಚೆಗಿನ ಕಾಡಿನ ಬಹುಭಾಗ ಭೀಮಗಡ ವನ್ಯಜೀವಿಧಾಮ ಅಥವಾ ಕಾಯ್ದಿಟ್ಟ ಅರಣ್ಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಹೋಗುವಂತಿಲ್ಲ. ದಾರಿ ಮೊಬೈಲಿನ ನಕ್ಷೆಯಲ್ಲಿ ಕಾಣುತ್ತದೆ ಎಂಬುದು ಅನುಮತಿಯಾಗುವುದಿಲ್ಲ, ಗಾಡಿ ಜಪ್ತಿಯಾದರೆ ನಕ್ಷೆ ಬಿಡಿಸಿಕೊಡುವುದೂ ಇಲ್ಲ. ಹಳ್ಳಿಯಿಂದ ಹಳ್ಳಿಗೆ ಹೋಗುವ ಸಾರ್ವಜನಿಕ ಕಚ್ಚಾ ರಸ್ತೆಗಳು, ಯಳ್ಳೂರಿನ ರಾಜಹಂಸಗಡದ ಸುತ್ತಲಿನ ಬಂಡಿದಾರಿಗಳು ಕಲಿಯುವವರಿಗೆ ಧಾರಾಳವಾಗಿ ಸಾಕು. ಬೆಳೆ ನಿಂತ ಹೊಲದ ಬದುವಿನ ಮೇಲೆ ಮಾತ್ರ ಗಾಡಿ ಹತ್ತಿಸಬೇಡಿ.

ಕೊನೆಗೆ ಹಣ. ಆನ್‌ರೋಡ್ ದರ ಶೋರೂಮ್ ದರಕ್ಕಿಂತ ಸಾಕಷ್ಟು ಮೇಲಿರುತ್ತದೆ; ಕರ್ನಾಟಕದ ರಸ್ತೆ ತೆರಿಗೆ ಮತ್ತು ಹೊಸ ಬೈಕಿಗೆ ಕಡ್ಡಾಯವಾಗಿರುವ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಅದರೊಳಗೆ ಸೇರಿರುತ್ತವೆ. ಬೈಕಿಗೆ ಹೋಗಿ ಉಳಿದದ್ದರಲ್ಲಿ ಐಎಸ್ಐ ಗುರುತಿನ ಹೆಲ್ಮೆಟ್, ಮಂಡಿಗೂ ಮೊಣಕೈಗೂ ಕವಚ, ಹಿಮ್ಮಡಿ ಗಂಟು ಮುಚ್ಚುವ ಬೂಟು ಇಷ್ಟನ್ನು ಮೊದಲು ಕೊಳ್ಳಿ. ಸೈಲೆನ್ಸರ್ ಬದಲಿಸಲು ಹಣ ಎತ್ತಿಡುವ ಹುಡುಗರಿದ್ದಾರೆ. ಅದು ಕಾನೂನಿಗೂ ವಿರುದ್ಧ, ಕಾಡಂಚಿನ ಊರಿನವರ ತಾಳ್ಮೆಗೂ ವಿರುದ್ಧ. ಇನ್ನೊಂದು ವಿಷಯ: ನೀವು ಸ್ಕೂಟರ್ ಮಾತ್ರ ಓಡಿಸಿದವರು. ನಿಮ್ಮ ಲೈಸೆನ್ಸ್ ಗೇರಿಲ್ಲದ ಗಾಡಿಗೆ ಮಾತ್ರ ಸೀಮಿತವಾಗಿದ್ದರೆ ಬುಕಿಂಗ್‌ಗೆ ಮೊದಲೇ ಗೇರ್ ಇರುವ ವರ್ಗವನ್ನು ಸೇರಿಸಿಕೊಳ್ಳಿ, ಇಲ್ಲದಿದ್ದರೆ ವಿಮೆಯ ಹಣ ಬೇಕಾದ ದಿನ ತೊಂದರೆಯಾಗುತ್ತದೆ.

ಪ್ರಶ್ನೆ: ಗೋವಾ ನೋಂದಣಿಯ ಎಕ್ಸ್‌ಪಲ್ಸ್ ಒಂದು ಹೊಸದರ ಅರ್ಧ ಬೆಲೆಗೆ ಸಿಗುತ್ತಿದೆ. ಕೊಳ್ಳಬಹುದೇ?
ಓದುಗರೊಬ್ಬರು, ಖಾನಾಪುರ

ಉತ್ತರ: ಕೊಳ್ಳಬಹುದು, ಆದರೆ ಅರ್ಧ ಬೆಲೆ ಎಂಬ ಲೆಕ್ಕ ಅಲ್ಲಿಗೇ ಮುಗಿಯುವುದಿಲ್ಲ. ಬೇರೆ ರಾಜ್ಯದ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಇಲ್ಲಿನ ಸಂಖ್ಯೆ ಪಡೆಯಲೇಬೇಕು; ಅದಕ್ಕೆ ಅಲ್ಲಿನ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿನ ತೆರಿಗೆಯನ್ನೂ ಕಟ್ಟಬೇಕು. ಆ ಪತ್ರಕ್ಕೆ ನಮೂನೆ 28, ಹೆಸರು ವರ್ಗಾವಣೆಗೆ ನಮೂನೆ 29 ಮತ್ತು 30, ಸಾಲವಿದ್ದ ಗಾಡಿಯಾದರೆ ನಮೂನೆ 35. ಇವೆಲ್ಲಕ್ಕೂ ಮಾರುವವರ ಸಹಿ ಸಿಗುತ್ತದೆಂದು ಖಾತ್ರಿಯಾದ ಮೇಲೆಯೇ ಮುಂಗಡ ಕೊಡಿ. ಹಿಂದೊಮ್ಮೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರವಿದ್ದ ಗಾಡಿ, ಅಂದರೆ ಪ್ರವಾಸಿಗರಿಗೆ ಬಾಡಿಗೆಗೆ ಬಿಟ್ಟಿದ್ದದ್ದು ಎಂದು ಆರ್‌ಸಿಯಲ್ಲಿ ಕಂಡರೆ ಬಿಟ್ಟುಬಿಡುವುದೇ ಲೇಸು.

ಗಾಡಿಯನ್ನು ನೋಡುವಾಗ ಬಣ್ಣಕ್ಕೆ ಮರುಳಾಗಬೇಡಿ. ಮುಂದಿನ ಚಕ್ರವನ್ನು ನೆಲದಿಂದ ಎತ್ತಿಸಿ ಹ್ಯಾಂಡಲ್ ನಿಧಾನವಾಗಿ ತಿರುಗಿಸಿ. ನಟ್ಟನಡುವೆ ಸಿಕ್ಕಿಕೊಂಡಂತಾದರೆ ಬೇರಿಂಗ್ ಹೋಗಿದೆ. ಕಡ್ಡಿಗಳನ್ನು ಸ್ಪ್ಯಾನರಿನಿಂದ ಒಂದೊಂದಾಗಿ ಮೆಲ್ಲಗೆ ತಟ್ಟಿ, ಸಡಿಲವಾದದ್ದು ಮಂಕಾದ ಸದ್ದು ಕೊಡುತ್ತದೆ. ಫೋರ್ಕಿನ ಕೊಳವೆಯ ಮೇಲೆ ಎಣ್ಣೆಯ ಬಳೆ ಕಂಡರೆ ಸೀಲ್ ಸೋರುತ್ತಿದೆ ಎಂದರ್ಥ. ಇವೆಲ್ಲ ದುರಸ್ತಿಯಾಗುವಂಥವು, ಬೆಲೆ ಇಳಿಸಿಕೊಳ್ಳಲು ನಿಮಗೆ ಕಾರಣವೂ ಸಿಗುತ್ತದೆ. ಫ್ರೇಮಿನಲ್ಲಿ ಹೊಸ ವೆಲ್ಡಿಂಗ್ ಕಂಡರೆ ಮಾತ್ರ ಚೌಕಾಸಿ ಮಾಡದೆ ಎದ್ದು ಬನ್ನಿ.

ಪ್ರಶ್ನೆ: ನಾನು ಶಿಕ್ಷಕಿ, ಎತ್ತರ 5 ಅಡಿ. ಶಾಲೆಗೆ ಹೋಗುವ ದಾರಿಯ ಕೊನೆಯ ಭಾಗ ಕಚ್ಚಾ, ಕಬ್ಬಿನ ಹಂಗಾಮಿನಲ್ಲಂತೂ ಟ್ರ್ಯಾಕ್ಟರ್ ತುಳಿದು ಗುಂಡಿ ಬಿದ್ದಿರುತ್ತದೆ. ಎತ್ತರದ ಬೈಕಿನ ಸೀಟು ಇಳಿಸಿಕೊಂಡು ಓಡಿಸಬಹುದೇ?
ಓದುಗರೊಬ್ಬರು, ಗೋಕಾಕ ತಾಲ್ಲೂಕು

ಉತ್ತರ: ಸೀಟಿನ ಫೋಮ್ ಕೆತ್ತಿಸಿದರೆ ಒಂದು ಅಂಗುಲದಷ್ಟು ಇಳಿಸಬಹುದು, ಅದರಿಂದ ಸೀಟು ಗಟ್ಟಿಯಾಗುವುದನ್ನು ಬಿಟ್ಟರೆ ಹಾನಿಯಿಲ್ಲ. ಸಸ್ಪೆನ್ಷನ್ ತಗ್ಗಿಸುವ ಪಟ್ಟಿ ಹಾಕಿಸಬೇಡಿ. ಸೈಡ್ ಸ್ಟ್ಯಾಂಡ್ ಉದ್ದವಾಗಿಬಿಟ್ಟು ಗಾಡಿ ನೆಟ್ಟಗೆ ನಿಲ್ಲುತ್ತದೆ, ಸ್ವಲ್ಪ ತಾಗಿದರೂ ಆಚೆಗೆ ಬೀಳುತ್ತದೆ. ನಿಮ್ಮ ದಾರಿಗೆ 100ರಿಂದ 125 ಸಿಸಿಯ, ಸೀಟು 790 ಮಿಲಿಮೀಟರಿನೊಳಗಿರುವ ಸಾಮಾನ್ಯ ಬೈಕೇ ಸರಿ. ಹಿಂದಿನ ಟೈರು ಸವೆದಾಗ ದಪ್ಪ ಕಚ್ಚಿನದನ್ನು ಅದೇ ಅಳತೆಯಲ್ಲಿ ಹಾಕಿಸಿ, ಎಂಜಿನ್ನಿನ ಕೆಳಗೆ ಕಬ್ಬಿಣದ ತಗಡಿನ ರಕ್ಷಣೆಯೊಂದನ್ನು ಕೂರಿಸಿಕೊಳ್ಳಿ. ಎರಡು ಟ್ರೇಲರ್ ಎಳೆಯುವ ಕಬ್ಬಿನ ಟ್ರ್ಯಾಕ್ಟರನ್ನು ಕಚ್ಚಾ ದಾರಿಯಲ್ಲಿ ಹಿಂದಿಕ್ಕಲು ಹೋಗಬೇಡಿ. ಹಿಂದಿನ ಟ್ರೇಲರ್ ಗುಂಡಿಯಲ್ಲಿ ಎತ್ತ ಹೊರಳುತ್ತದೆ ಎಂಬುದು ಮುಂದೆ ಕುಳಿತ ಚಾಲಕನಿಗೂ ತಿಳಿಯುವುದಿಲ್ಲ.